ಕಾಲಿಗೆ ಶಕ್ತಿ ಇದೆ, ಸುದ್ದಿ ಬರ್ತಿಲ್ಲ

"ಸ್ನಾನ ಮಾಡುವಾಗ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ರೆ ಸಾಕು ಮೇಡಂ, ವಾಲಿಬಿಡ್ತೀನಿ." ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಇದು ಹಳೇ ಪರಿಚಯದ ಮಾತು. ಇದರ ಬೆನ್ನಿಗೇ ಇನ್ನೆರಡು ಬರುತ್ತವೆ. ಹವಾಯಿ ಚಪ್ಪಲಿ ಕಾಲಿಂದ ಜಾರಿ ಹಿಂದೆ ಉಳಿದರೂ ಗೊತ್ತಾಗಲ್ಲ, ಯಾರಾದರೂ ಕೂಗಿ ಹೇಳಬೇಕು. ಮತ್ತೆ, ನೆಲಕ್ಕೆ ಕಾಲಿಟ್ಟರೆ ಹತ್ತಿ ಮೇಲೆ ಇಟ್ಟಂಗೆ ಆಗುತ್ತೆ. ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳ ಊರು ನಮ್ಮದು, ಅದಕ್ಕೇ ಹಿಂಗೆ ಹೇಳ್ತಾರೇನೋ ಅಂದುಕೊಳ್ಳಬಹುದು. ಆದರೆ ಮಿಲ್ಲೇ ಕಾಣದ ಊರಿನವರೂ ಹೀಗೇ ಹೇಳುತ್ತಾರೆ.

ಬಂದವರು ಕೇಳುವುದು ಮಾತ್ರ ಬೇರೆ. "ಕಾಲಿಗೆ ಶಕ್ತಿ ಬರೋ ಹಂಗೆ ಏನಾದ್ರೂ ಎಕ್ಸರ್‌ಸೈಜ್ ಹೇಳಿಕೊಡಿ." ಜೊತೆಗೆ ಬಂದ ಮಗ ಟಾನಿಕ್ ಬಗ್ಗೆ ವಿಚಾರಿಸುತ್ತಾನೆ. ನಾನು ಅಡ್ಡ ಕೈ ಕೊಟ್ಟು "ತಳ್ಳಿ ಯಜಮಾನ್ರೇ" ಅಂದರೆ, ಆ ಕಾಲು ನನ್ನನ್ನೇ ಹಿಂದಕ್ಕೆ ದಬ್ಬುತ್ತದೆ. ಶಕ್ತಿಗೇನೂ ಬರ ಇಲ್ಲ. ಕಾಲಿಂದ ಮಿದುಳಿಗೆ ಹೋಗಬೇಕಾದ ಸುದ್ದಿ ಹೋಗುತ್ತಿಲ್ಲ, ಅಷ್ಟೇ.

ಆಮೇಲೆ ಅವರ ಕಣ್ಣು ಮುಚ್ಚಿಸಿ ಕಾಲಿನ ಹೆಬ್ಬೆರಳು ಹಿಡಿಯುತ್ತೇನೆ. ಎರಡು ಪಕ್ಕದಿಂದಲೇ ಹಿಡಿಯಬೇಕು, ಮೇಲೆ ಕೆಳಗೆ ಹಿಡಿದರೆ ಒತ್ತಿದ್ದರ ಮೇಲೇ ಉತ್ತರ ಊಹಿಸಿಬಿಡುತ್ತಾರೆ. ಬೆರಳನ್ನು ಸ್ವಲ್ಪವೇ ಮೇಲೆತ್ತಿ "ಈಗ ಎಲ್ಲಿದೆ?" ಅಂತ ಕೇಳಿದರೆ, ಒಂದು ಕ್ಷಣ ತಡೆದು "ಕೆಳಗೆ" ಅನ್ನುತ್ತಾರೆ. ಇನ್ನೂ ಸ್ವಲ್ಪ ಎತ್ತುತ್ತೇನೆ. "ಕೆಳಗೇ ಇದೆಯಲ್ಲ?" ಕಣ್ಣು ತೆಗೆದು ನೋಡಿದಾಗ ಅವರಿಗೇ ಗಾಬರಿ. ಟಾನಿಕ್ ಮಾತು ಅಲ್ಲಿಗೆ ನಿಲ್ಲುತ್ತದೆ.

ನಮ್ಮ ಬಹುತೇಕ ಎಲ್ಲ ಸ್ನಾಯುಗಳೊಳಗೂ ಕೆಲವೇ ಮಿಲಿಮೀಟರ್ ಉದ್ದದ ಸೂಕ್ಷ್ಮ ಎಳೆಗಳಿವೆ. ಸ್ನಾಯು ಎಷ್ಟು ಹಿಗ್ಗಿತು, ಎಷ್ಟು ಬೇಗ ಹಿಗ್ಗಿತು ಅಂತ ಹೇಳುತ್ತಲೇ ಇರುವುದು ಇವುಗಳ ಕೆಲಸ. ಸ್ನಾಯುವನ್ನು ಮೂಳೆಗೆ ಕಟ್ಟುವ ಕಂಡರದಲ್ಲಿ ಬೇರೆ ಸಂವೇದಕಗಳಿವೆ, ಅವು ಎಳೆತದ ಬಲ ಹೇಳುತ್ತವೆ. ಅಂಗಾಲಿನ ಚರ್ಮ ಭಾರ ಎಲ್ಲಿ ಬಿದ್ದಿದೆ ಅಂತ ಹೇಳುತ್ತದೆ. ಈ ಸುದ್ದಿ ಓಡುವುದು ದಪ್ಪ ನರತಂತುಗಳಲ್ಲಿ. ಅತಿ ವೇಗದವುಗಳಲ್ಲಿ ಸೆಕೆಂಡಿಗೆ 80ರಿಂದ 120 ಮೀಟರ್. ವೇಗ ಯಾಕೆ ಬೇಕು ಅಂದರೆ, ನಿಂತಿರುವಾಗ ನಾವು ಒಂದು ಕ್ಷಣವೂ ಸುಮ್ನೆ ನಿಂತಿರುವುದಿಲ್ಲ. ಸದಾ ಹಿಂದೆ ಮುಂದೆ ಚೂರು ಚೂರು ತೂಗುತ್ತಿರುತ್ತೇವೆ, ಮೀನಖಂಡ ಅದನ್ನು ಸರಿಪಡಿಸುತ್ತಲೇ ಇರುತ್ತದೆ. ಮೀನಖಂಡವನ್ನು ದಿಢೀರನೆ ಜಗ್ಗಿದರೆ ಸುಮಾರು 40 ಮಿಲಿಸೆಕೆಂಡಿನಲ್ಲಿ ಬೆನ್ನುಹುರಿಯ ಮಟ್ಟದಲ್ಲೇ ಮೊದಲ ಉತ್ತರ ಬಂದುಬಿಡುತ್ತದೆ. ಕಣ್ಣಿಂದ ನೋಡಿ, ತಿಳಿದು, ಕಾಲು ಎತ್ತಲು 200 ಮಿಲಿಸೆಕೆಂಡ್ ಆದರೂ ಬೇಕು. ಎಡವಿದಾಗ ಅಷ್ಟು ಹೊತ್ತು ಕಾಯುವ ಹಾಗಿಲ್ಲ, ಅಲ್ವಾ?

ಸಮತೋಲನಕ್ಕೆ ಕಣ್ಣು, ಒಳಕಿವಿ, ಕಾಲು ಮೂರೂ ಸುದ್ದಿ ಕೊಡುತ್ತವೆ. ಒಂದು ಕೈಕೊಟ್ಟರೂ ಉಳಿದೆರಡರಲ್ಲಿ ಹೇಗೋ ನಡೆಯುತ್ತದೆ. ಕಾಲಿನ ಸುದ್ದಿ ಮೊದಲೇ ನಿಂತಿರುವವರು ಕಣ್ಣನ್ನೂ ಮುಚ್ಚಿದರೆ ಒಳಕಿವಿ ಒಂದೇ ಉಳಿಯುತ್ತದೆ, ಅದೊಂದರಿಂದ ಆಗಲ್ಲ. ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸುವ ಪರೀಕ್ಷೆಗೆ 19ನೇ ಶತಮಾನದ ಬರ್ಲಿನ್ ವೈದ್ಯ ಮೊರಿಟ್ಜ್ ರಾಂಬರ್ಗ್ ಅವರ ಹೆಸರಿದೆ. ಅವರು ನೋಡಿದ್ದು ಬೆನ್ನುಹುರಿಯ ಹಿಂಭಾಗ ಹಾಳಾದ ರೋಗಿಗಳನ್ನು. ಯಾವ ಯಂತ್ರವೂ ಬೇಡದ ಆ ಪರೀಕ್ಷೆಯನ್ನು ನಾವು ಇಂದಿಗೂ ಹಾಗೇ ಮಾಡುತ್ತೇವೆ.

ಈ ಸುದ್ದಿ ಪೂರ್ತಿ ನಿಂತರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಇದ್ದಾರೆ. 1971ರಲ್ಲಿ, 19ನೇ ವಯಸ್ಸಿನಲ್ಲಿ, ಜ್ವರದಂಥ ಕಾಯಿಲೆ ಬಂದು ಕುತ್ತಿಗೆಯಿಂದ ಕೆಳಗೆ ಸ್ಪರ್ಶವೂ ಹೋಯಿತು, ಕೈಕಾಲು ಎಲ್ಲಿವೆ ಅನ್ನುವ ಅರಿವೂ ಹೋಯಿತು. ನೋವು, ಬಿಸಿ-ತಂಪು ಗೊತ್ತಾಗುತ್ತಿತ್ತು. ಸ್ನಾಯುಗಳಿಗೆ ಆದೇಶ ಹೋಗುವ ನರಗಳೂ ಸರಿಯಾಗಿದ್ದವು. ಆದರೂ ಎದ್ದು ಕೂರಲು ಆಗಲಿಲ್ಲ. ಆಮೇಲೆ ಪ್ರತಿ ಚಲನೆಯನ್ನೂ ಕಣ್ಣಿಂದ ನೋಡಿ, ಯೋಚಿಸಿ, ಕೂರುವುದರಿಂದ ನಡೆಯುವವರೆಗೆ ಎಲ್ಲವನ್ನೂ ಹೊಸದಾಗಿ ಕಲಿತರು. ಲೈಟ್ ಆರಿದರೆ ಮಾತ್ರ ನಿಂತಲ್ಲೇ ಕುಸಿಯುತ್ತಿದ್ದರು.

ಕೈಗೂ ಇದೇ ನಿಯಮ. ನಮ್ಮೂರ ಬೆಣ್ಣೆ ದೋಸೆ ಹೋಟೆಲಿನಲ್ಲಿ ಕಾವಲಿ ಮುಂದೆ ನಿಂತವರನ್ನು ಗಮನಿಸಿ. ಮಾತು ಗಿರಾಕಿ ಜೊತೆ, ಕೈ ಹಿಟ್ಟು ಹರಡುತ್ತಿರುತ್ತದೆ. ಸೌಟಿನ ತಳ ಎಷ್ಟು ಒತ್ತುತ್ತಿದೆ, ಹಿಟ್ಟು ಎಲ್ಲಿ ದಪ್ಪ ಇದೆ ಅನ್ನುವುದು ಬೆರಳು, ಮಣಿಕಟ್ಟಿನಿಂದಲೇ ಗೊತ್ತಾಗುತ್ತದೆ. ಇದರಲ್ಲಿ ಊಹೆಯ ಪಾಲೂ ಇದೆ. ಕೈ ಹೊರಡುವ ಮೊದಲೇ ಎಷ್ಟು ಬಲ ಬೇಕು ಅಂತ ಮಿದುಳು ಲೆಕ್ಕ ಹಾಕಿರುತ್ತದೆ, ಬಂದ ಸುದ್ದಿ ಲೆಕ್ಕಕ್ಕೆ ತಾಳೆಯಾಗದಿದ್ದರೆ ತಿದ್ದುತ್ತದೆ. ತುಂಬಿದೆ ಅಂದುಕೊಂಡು ಖಾಲಿ ಕೊಡ ಎತ್ತಿದಾಗ ಕೈ ರಪ್ಪನೆ ಮೇಲೆ ಹೋಗುತ್ತದಲ್ಲ, ಅದು ಲೆಕ್ಕ ತಪ್ಪಿದ ಗಳಿಗೆ.

ಊರುಗೋಲಿನ ವಿಷಯಕ್ಕೆ ಬರೋಣ, ಹಿರಿಯರ ಜೊತೆ ನನಗೆ ಜಾಸ್ತಿ ಜಗಳ ಆಗುವುದು ಇಲ್ಲೇ. "ನಂಗೇನು ಕಾಲಿಲ್ವಾ?" ಅಂತಾರೆ. ಕೋಲು ಭಾರ ಹೊರಲಿಕ್ಕೆ ಮಾತ್ರ ಅಂದುಕೊಂಡಿದ್ದಾರೆ. ಗೋಡೆಗೆ ಒಂದೇ ಬೆರಳು ತಾಗಿಸಿ, 100 ಗ್ರಾಂನಷ್ಟೂ ಒತ್ತದೆ ನಿಂತರೂ ಮೈ ತೂಗುವುದು ಕಡಿಮೆಯಾಗುತ್ತದೆ. ಅಷ್ಟು ಒತ್ತಡ ಯಾರನ್ನೂ ಎತ್ತಿ ಹಿಡಿಯಲಾರದು. ಬೆರಳ ತುದಿ ಸುದ್ದಿ ಕೊಡುತ್ತದೆ, ಕಾಲು ಅದನ್ನು ಕೇಳುತ್ತದೆ. ಕೋಲಿನ ಹಿಡಿಯೂ ಹಾಗೇ. ಇದನ್ನು ಅವರನ್ನೇ ಗೋಡೆ ಪಕ್ಕ ನಿಲ್ಲಿಸಿ ಮಾಡಿ ತೋರಿಸಿದರೆ, ಹತ್ತು ಸಲ ಹೇಳುವುದಕ್ಕಿಂತ ಬೇಗ ಒಪ್ಪುತ್ತಾರೆ.

ಸುದ್ದಿ ನಿಲ್ಲುವುದಕ್ಕೆ ನಮ್ಮ ಕಡೆ ಮುಖ್ಯ ಕಾರಣ ಶುಗರ್. ಉದ್ದದ ನರಗಳಿಗೆ ಮೊದಲು ಏಟು ಬೀಳುತ್ತದೆ, ಹಾಗಾಗಿ ಕಾಲ್ಬೆರಳಿಂದ ಶುರು. ಇನ್ನೊಂದು ವಿಟಮಿನ್ ಬಿ12 ಕೊರತೆ. ಪೂರ್ತಿ ಸಸ್ಯಾಹಾರಿಗಳಲ್ಲಿ, ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಇದು ಸಾಮಾನ್ಯ, ಎರಡೂ ಸೇರಿರುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಹತ್ತಿ ಮೇಲೆ ನಡೆದಂಗೆ ಆಗುತ್ತಿದ್ದರೆ ಎಕ್ಸರ್‌ಸೈಜ್ ಕೇಳುವ ಮೊದಲು ಡಾಕ್ಟರಿಗೆ ತೋರಿಸಿ ಬಿ12 ರಕ್ತಪರೀಕ್ಷೆ ಮಾಡಿಸಿ. ಬೇಗ ಗೊತ್ತಾದರೆ ಸರಿಯಾಗುವ ಕಾಯಿಲೆ ಅದು, ತಡವಾದಷ್ಟೂ ಪೂರ್ತಿ ವಾಪಸ್ ಬರುವುದು ಕಷ್ಟ. ನಾಲ್ಕೈದು ದಿನದಲ್ಲೇ ಕಾಲು ಸೋತು, ಸೋಲು ಮೇಲಕ್ಕೆ ಹತ್ತುತ್ತಿದ್ದರೆ ಅದು ಬೇರೆಯೇ ಕಥೆ, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಕಾಲಿನ ಸುದ್ದಿ ನಿಂತವರು ಚಿತ್ರದುರ್ಗದ ಕೋಟೆಗೆ ಹೋದರೆ ಮಧ್ಯಾಹ್ನದ ಬಂಡೆ ಮೇಲೆ ಬರಿಗಾಲಲ್ಲಿ ನಡೆಯಬಾರದು. ಬೊಬ್ಬೆ ಎದ್ದರೂ ಗೊತ್ತಾಗಲ್ಲ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ರಾತ್ರಿ ಎದ್ದು ಹೋಗುವ ದಾರಿಯಲ್ಲಿ ಒಂದು ಸಣ್ಣ ಬಲ್ಬ್ ಉರಿಯಲಿ. ಅಭ್ಯಾಸಕ್ಕೆ ಗೋಡೆಯ ಮೂಲೆಗೆ ಬೆನ್ನು ಕೊಟ್ಟು, ಎದುರಿಗೆ ಕುರ್ಚಿ ಇಟ್ಟುಕೊಂಡು, ಕಾಲು ಹತ್ತಿರ ತಂದು ನಿಲ್ಲಿ. ಮೊದಲು ಕುರ್ಚಿಗೆ ಕೈ ಇಟ್ಟು, ಆಮೇಲೆ ಒಂದೇ ಬೆರಳು ಇಟ್ಟು. ಅದು ಸಲೀಸಾದ ಮೇಲೆ ಕಣ್ಣು ಮುಚ್ಚುವುದು, ಅದೂ ಮನೆಯವರು ಪಕ್ಕದಲ್ಲಿ ಇದ್ದಾಗ ಮಾತ್ರ.