ಒಂದೇ ಟಿವಿ, ಎರಡು ಸಿನಿಮಾ

2024ರ ಫೆಬ್ರವರಿ ಕೊನೆಯ ಒಂದು ಸಂಜೆ. ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಮನೆ. ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯನ್ನು ಒಟ್ಟು ಮಾಡಿ, ಕೈಕಾಲು ತೊಳೆದು ಒಳಗೆ ಬಂದೆ. ಮಂಗಳೂರಿನಲ್ಲಿ ಓದುವ ತಂಗಿಯ ಮಗಳು ರಜೆಗೆ ಬಂದಿದ್ದಳು. ಟಿವಿಯಲ್ಲಿ ಏನೋ ಹಾಕಿ ಕೂತಿದ್ದಳು. ಪಕ್ಕದಲ್ಲಿ ಅಮ್ಮ, ಕೈಯಲ್ಲಿ ಎಲೆ ಅಡಿಕೆ.

ಟಿವಿಯಲ್ಲಿದ್ದದ್ದು ಅಮೆರಿಕದ ಹಾಡುಗಾರ್ತಿ ಜೆನಿಫರ್ ಲೋಪೆಜ್ ಅವರ 'ದಿಸ್ ಈಸ್ ಮಿ... ನೌ'. ಆ ತಿಂಗಳ 16ರಂದು ಪ್ರೈಮ್ ವಿಡಿಯೊದಲ್ಲಿ ಬಂದ, ಸುಮಾರು ಒಂದು ಗಂಟೆಯ ಹಾಡು-ಕುಣಿತದ ಸಿನಿಮಾ. ಅದರಲ್ಲಿರುವುದು ಅವರದ್ದೇ ಪ್ರೇಮ, ಅವರದ್ದೇ ಮುರಿದ ಮದುವೆಗಳು, ಅವರದ್ದೇ ಗಾಯ. ಬೇರೆಯವರು ಹಣ ಹಾಕಲು ಹಿಂಜರಿದಾಗ ತಾವೇ ಸುಮಾರು 2 ಕೋಟಿ ಡಾಲರ್ ಹಾಕಿ ಮಾಡಿದರು. ಒಂದು ದೃಶ್ಯದಲ್ಲಿ ದೊಡ್ಡ ಕಾರ್ಖಾನೆ, ಅದರ ನಡುವೆ ಯಂತ್ರದ ಹೃದಯ, ಅದಕ್ಕೆ ಉರುವಲು ಹೂವಿನ ಎಸಳು. ಇನ್ನೊಂದು ಕಡೆ ಆಕಾಶದಲ್ಲಿ ರಾಶಿಚಕ್ರದವರ ಸಭೆ. ಆ ಸಭೆಯಲ್ಲಿ ಮೈಸೂರಿನಲ್ಲಿ ಹುಟ್ಟಿದ ಸದ್ಗುರು ಜಗ್ಗಿ ವಾಸುದೇವ್ ಕೂಡ ಇದ್ದಾರೆ. ಅಮ್ಮ ಅವರ ಗುರುತು ಹಿಡಿದರು. ಆಮೇಲೆ ಇನ್ನೂ ಗೊಂದಲಕ್ಕೆ ಬಿದ್ದರು.

"ಇದೆಂತ ಕಥೆ ಮಾರಾಯ್ತಿ? ಅವಳು ಅವಳ ವಿಷಯವೇ ಹೇಳ್ತಾಳಲ್ಲ. ಬೇರೆ ಜನ ಇಲ್ವಾ?"

"ಅಜ್ಜಿ, ಅದು ಅವಳದ್ದೇ ಜೀವನ. ನಿಮಗೆ ಹಿಂದಿನದ್ದು ಗೊತ್ತಿಲ್ಲ, ಹಾಗಾಗಿ."

ಹುಡುಗಿಯ ಕಣ್ಣು ತುಂಬಿತ್ತು. ಅಮ್ಮನಿಗೆ ಆಕಳಿಕೆ. ಇಬ್ಬರೂ ನಾಟಕ ಮಾಡುತ್ತಿರಲಿಲ್ಲ. ಅಮೆರಿಕದಲ್ಲೂ ಹೀಗೇ ಆಯಿತು. ಕೆಲವರು ಇಂಥ ಧೈರ್ಯ ಯಾರಿಗುಂಟು ಅಂದರು. ಇನ್ನು ಕೆಲವರು ಬರೀ ಸ್ವಂತ ಕಥೆ, ಇದನ್ನು ಯಾರಿಗಾಗಿ ಮಾಡಿದ್ದು ಅಂತ ಕೇಳಿದರು. ಇದನ್ನು ರುಚಿಯ ವಿಷಯ ಅಂತ ಬಿಟ್ಟುಬಿಡುವುದು ಸುಲಭ. ನನಗೆ ಅದು ಸಾಕಾಗಲಿಲ್ಲ. ನೋಡುವವರ ಮಿದುಳಿನಲ್ಲಿ ನಡೆಯುವುದೇ ಬೇರೆ ಬೇರೆ, ಅದನ್ನು ಅಳೆದು ನೋಡಿದವರೂ ಇದ್ದಾರೆ.

1972ರಲ್ಲಿ ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ಒಂದು ಸರಳ ಪ್ರಯೋಗ ಮಾಡಿದರು. ಜನರಿಗೆ ಒಂದು ಚಿಕ್ಕ ಬರಹ ಓದಿ ಹೇಳಿದರು. ಅದರ ಧಾಟಿ ಹೀಗೆ: ಕೆಲಸ ಕಷ್ಟದ್ದಲ್ಲ, ಮೊದಲು ಸಾಮಾನನ್ನು ಬೇರೆ ಬೇರೆ ಗುಂಪು ಮಾಡಬೇಕು, ಜಾಸ್ತಿ ಇಲ್ಲದಿದ್ದರೆ ಒಂದೇ ಗುಂಪು ಸಾಕು, ಒಂದೇ ಸಲಕ್ಕೆ ತುಂಬ ಹಾಕಬಾರದು, ತಪ್ಪಾದರೆ ಖರ್ಚು. ಎಲ್ಲವೂ ಗೊತ್ತಿರುವ ಮಾತುಗಳೇ. ಆದರೆ ಏನೂ ಅರ್ಥವಾಗುವುದಿಲ್ಲ. ಅದು ಬಟ್ಟೆ ಒಗೆಯುವ ವಿಷಯ. ಅಷ್ಟು ಗೊತ್ತಾದ ಕೂಡಲೇ ಪ್ರತಿ ಸಾಲೂ ತನ್ನ ಜಾಗದಲ್ಲಿ ಕೂರುತ್ತದೆ, ಅಲ್ವಾ?

ವಿಷಯ ಮೊದಲೇ ಗೊತ್ತಿದ್ದವರಿಗೆ ಬರಹದ 18 ಅಂಶಗಳಲ್ಲಿ ಸುಮಾರು 6 ನೆನಪಿದ್ದವು. ಗೊತ್ತಿಲ್ಲದವರಿಗೆ ಸುಮಾರು 3. ಮೂರನೆಯ ಗುಂಪಿಗೆ ಬರಹ ಮುಗಿದ ಮೇಲೆ ವಿಷಯ ಹೇಳಿದ್ದರು. ಅವರಿಗೂ 3ರ ಆಚೀಚೆಯೇ. ಸಂದರ್ಭವನ್ನು ಆಮೇಲೆ ಕೊಟ್ಟು ಪ್ರಯೋಜನವಾಗಲಿಲ್ಲ. ಕೇಳುವ ಹೊತ್ತಿನಲ್ಲೇ ಅದು ತಲೆಯಲ್ಲಿರಬೇಕಿತ್ತು.

ನಮ್ಮ ಹುಡುಗಿ ನಡುನಡುವೆ ಅಜ್ಜಿಗೆ ವಿವರಿಸುತ್ತಿದ್ದಳು. ಲೋಪೆಜ್ ಮತ್ತು ನಟ ಬೆನ್ ಅಫ್ಲೆಕ್ ಅವರಿಗೆ 2002ರಲ್ಲಿ ನಿಶ್ಚಿತಾರ್ಥ ಆಗಿತ್ತು, 2004ರಲ್ಲಿ ಮುರಿದುಬಿತ್ತು, 2021ರಲ್ಲಿ ಮತ್ತೆ ಒಂದಾದರು, 2022ರಲ್ಲಿ ಮದುವೆ. ಅಷ್ಟು ಹೇಳುವ ಹೊತ್ತಿಗೆ ಆ ದೃಶ್ಯ ಹೋಗಿ ಇನ್ನೊಂದು ಬಂದಿರುತ್ತಿತ್ತು. ಅಮ್ಮ ಮೂರನೆಯ ಗುಂಪಿನವರಾಗಿಬಿಟ್ಟಿದ್ದರು.

ಆದರೆ ಒಂದು ಕಡೆ ಅಮ್ಮನೇ ಮುಂದಿದ್ದರು. ಸಿನಿಮಾದ ಮೊದಲಿಗೆ ಪೋರ್ಟೊರಿಕೊದ ಒಂದು ಹಳೆಯ ಕಥೆ ಬರುತ್ತದೆ. ಪ್ರೀತಿಸಿದ ಹುಡುಗಿ ಕೆಂಪು ಹೂವಾಗುತ್ತಾಳೆ. ಹುಡುಗ ಹಮ್ಮಿಂಗ್‌ಬರ್ಡ್ ಆಗಿ ಅವಳನ್ನು ಹುಡುಕುತ್ತಾ ಹೂವಿನಿಂದ ಹೂವಿಗೆ ಹೋಗುತ್ತಾನೆ. "ಇದು ನಮ್ಮ ಸೂರಕ್ಕಿ," ಅಂದರು ಅಮ್ಮ. ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳಲ್ಲಿ ಮಾತ್ರ ಇರುವ ಹಕ್ಕಿ. ಸೂರಕ್ಕಿಗೂ ಅದಕ್ಕೂ ನೆಂಟಸ್ತನ ಇಲ್ಲ. ಎರಡಕ್ಕೂ ಬೇಕಾದದ್ದು ಹೂವಿನ ಜೇನು, ಹಾಗಾಗಿ ಎರಡಕ್ಕೂ ಉದ್ದ ಕೊಕ್ಕು. ಮೈಬಣ್ಣವೂ ಎರಡರದ್ದು ಹೊಳೆಯುವಂಥದ್ದೇ. ನಮ್ಮ ಬಾಳೆಯ ಹೂವಿಗೆ ಸೂರಕ್ಕಿ ದಿನಾ ಬರುತ್ತದೆ. ಆ ಕಥೆ ಅಮ್ಮನ ಮನಸ್ಸಿಗೆ ನೇರ ಇಳಿಯಿತು, ಯಾಕೆಂದರೆ ಅದಕ್ಕೆ ಬೇಕಾದ ಜಾಗ ಅಲ್ಲಿ ಮೊದಲೇ ಇತ್ತು.

ಹಾಡಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಆನ್ ಬ್ಲಡ್ ಮತ್ತು ರಾಬರ್ಟ್ ಜಟೋರೆ 2001ರಲ್ಲಿ 10 ಜನರ ಮಿದುಳನ್ನು ಸ್ಕ್ಯಾನ್ ಮಾಡಿದರು. ತಮಗೆ ರೋಮಾಂಚನ ತರುವ ಸಂಗೀತವನ್ನು ಪ್ರತಿಯೊಬ್ಬರೂ ತಾವೇ ಆರಿಸಿ ತಂದಿದ್ದರು. ಅದನ್ನು ಕೇಳುವಾಗ ಮೈ ಜುಮ್ಮೆಂದಿತು, ಎದೆಬಡಿತ ಏರಿತು, ಊಟದ ಸುಖಕ್ಕೆ ಎಚ್ಚರಗೊಳ್ಳುವ ಮಿದುಳಿನ ಭಾಗಗಳೇ ಎಚ್ಚರಗೊಂಡವು. ಒಬ್ಬರು ತಂದ ಸಂಗೀತವನ್ನು ಇನ್ನೊಬ್ಬರಿಗೂ ಕೇಳಿಸಿದ್ದರು. ಅವರಿಗೆ ಜುಮ್ಮೆನ್ನಲಿಲ್ಲ. ಸ್ವರ ಅದೇ, ಸದ್ದು ಅದೇ.

ಹತ್ತು ವರ್ಷದ ಬಳಿಕ, 2011ರಲ್ಲಿ, ಜಟೋರೆ ಅವರ ತಂಡವೇ ಇನ್ನೊಂದು ವಿಷಯ ಕಂಡಿತು. ಇಷ್ಟದ ಹಾಡಿನಲ್ಲಿ ಆ ಒಂದು ತಿರುವು ಬರುವುದಕ್ಕೆ ಸ್ವಲ್ಪ ಮೊದಲೇ ಮಿದುಳಿನ ಒಂದು ಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ತಿರುವು ಬಂದಾಗ ಇನ್ನೊಂದು ಭಾಗದಲ್ಲಿ. 'ಈಗ ಬರುತ್ತದೆ, ಈಗ ಬರುತ್ತದೆ' ಎಂದು ಕಾಯುವುದೇ ಸುಖದ ಅರ್ಧ ಪಾಲು. ಹಾಡು ಗೊತ್ತಿಲ್ಲದವರು ಕಾಯುವುದು ಯಾವುದನ್ನು? ನಮ್ಮ ಯಕ್ಷಗಾನದಲ್ಲಿ ಭಾಗವತರು ಪದ ಎತ್ತುವ ಮೊದಲೇ ಮುಂದಿನ ಸಾಲಿನವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರಲ್ಲ, ಆ ಕ್ಷಣ ಇದೇ.

ಯಕ್ಷಗಾನದ ಮಾತು ಸುಮ್ನೆ ಎತ್ತಿದ್ದಲ್ಲ. ನಮ್ಮ ಕಡೆಯ ಕುಂಬಳೆ, ಯಕ್ಷಗಾನ ಪ್ರಸಂಗ ಬರೆದ ಕವಿ ಪಾರ್ತಿಸುಬ್ಬನ ಊರು. ಇಲ್ಲಿನ ಜನಕ್ಕೆ ತಾಳಮದ್ದಳೆ ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ. ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪಾತ್ರದ ಮಾತಾಡುವ ಅರ್ಥಧಾರಿ ಕೂತಲ್ಲೇ ಪೀಠಿಕೆ ಶುರು ಮಾಡುತ್ತಾನೆ. ಕರ್ಣನಾದರೆ ತನ್ನ ಹುಟ್ಟು, ತನಗಾದ ಅವಮಾನ, ತನ್ನ ಋಣ, ತನ್ನ ದುಃಖ. ಎಷ್ಟೋ ಹೊತ್ತು ಬರೀ 'ನಾನು, ನಾನು'. ಯಾರಿಗೂ ಬೇಸರ ಬರುವುದಿಲ್ಲ. ಅಮ್ಮ ಅಂಥ ಪೀಠಿಕೆಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನು ಎಷ್ಟು ಸಲ ನೋಡಿದ್ದೇನೆ. ಹಾಗಾದರೆ ತನ್ನ ಬಗ್ಗೆ ಮಾತಾಡುವುದೇ ತಪ್ಪಲ್ಲ. ಅಲ್ಲಿ 'ನಾನು' ಅನ್ನುವವನು ಕರ್ಣ. ಆಡಿಸುವವರು ಬೇರೆ ಮನುಷ್ಯ, ಮುಗಿದ ಮೇಲೆ ಪಂಚೆ ಸರಿಮಾಡಿಕೊಂಡು ಚಹಾ ಕುಡಿಯುತ್ತಾರೆ. ಕರ್ಣನಿಗೆ ನಮ್ಮಿಂದ ಮೆಚ್ಚುಗೆ ಬೇಕಾಗಿಲ್ಲ. ತಾರೆಯೇ ತನ್ನ ಕಥೆಗೆ ತಾನೇ ನಾಯಕಿಯಾದಾಗ ಈ ಸಂದು ಮುಚ್ಚಿಹೋಗುತ್ತದೆ. ಇವಳು ಮನಸ್ಸು ಬಿಚ್ಚುತ್ತಿದ್ದಾಳಾ, ಹೊಗಳಿಕೊಳ್ಳುತ್ತಿದ್ದಾಳಾ? ನೋಡುವವರು ಅದನ್ನು ತಾವೇ ತೀರ್ಮಾನಿಸಬೇಕು.

ಹೇಳುವವರ ಕಡೆಯಿಂದಲೂ ನೋಡೋಣ. ಹಾರ್ವರ್ಡಿನ ಡಯಾನಾ ತಾಮಿರ್ ಮತ್ತು ಜೇಸನ್ ಮಿಚೆಲ್ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಪ್ರಶ್ನೆ ಆರಿಸುವ ಅವಕಾಶ ಇತ್ತು. ಬೇರೆ ಪ್ರಶ್ನೆಗೆ ಉತ್ತರಿಸಿದರೆ ಸ್ವಲ್ಪ ಜಾಸ್ತಿ ಚಿಲ್ಲರೆ ಕಾಸು, ತಮ್ಮ ಬಗ್ಗೆ ಹೇಳಿದರೆ ಕಡಿಮೆ. ತಮ್ಮ ಬಗ್ಗೆ ಹೇಳುವ ಖುಷಿಗಾಗಿ ಜನ ಸಿಗಬಹುದಾದ ದುಡ್ಡಿನಲ್ಲಿ ಸುಮಾರು ಶೇ. 17 ಬಿಟ್ಟುಕೊಟ್ಟರು. ಮನಸ್ಸು ತೋಡಿಕೊಳ್ಳುವುದು ಮನುಷ್ಯನಿಗೆ ನಿಜಕ್ಕೂ ಸಿಹಿ. ಐರೀನ್ ಸ್ಕೊಪೆಲಿಟಿ ಮತ್ತು ಸಂಗಡಿಗರು 2015ರಲ್ಲಿ ಇದರ ಇನ್ನೊಂದು ಮುಖ ತೋರಿಸಿದರು. ತನ್ನ ಸಾಧನೆ ಹೇಳಿಕೊಳ್ಳುವವರು ಕೇಳುಗರಿಗೆ ಎಷ್ಟು ಸಂತೋಷವಾಗುತ್ತದೆ ಅಂತ ಅಂದಾಜು ಮಾಡುತ್ತಾರೋ, ಅಷ್ಟು ಆಗುವುದಿಲ್ಲ. ಎಷ್ಟು ಕಿರಿಕಿರಿಯಾಗುತ್ತದೆ ಅನ್ನುವುದನ್ನು ಕಡಿಮೆ ಲೆಕ್ಕ ಹಾಕುತ್ತಾರೆ. ಇದು ಅಹಂಕಾರದಿಂದ ಆಗುವ ತಪ್ಪು ಅಂತ ನನಗೆ ಅನಿಸುವುದಿಲ್ಲ. ನಮ್ಮ ಸಂಭ್ರಮ ನಮಗೆ ಅಷ್ಟು ದೊಡ್ಡದಾಗಿ ಕಾಣುವಾಗ, ಅದು ಪಕ್ಕದ ಮನೆಯವರಿಗೆ ಚಿಕ್ಕದು ಅಂತ ಹೊಳೆಯುವುದೇ ಇಲ್ಲ.

ಅಭಿಮಾನಿಗೆ ಮಾತ್ರ ಅದು ಚಿಕ್ಕದಲ್ಲ. 1956ರಲ್ಲಿ, ಅಮೆರಿಕದ ಮನೆಗಳಿಗೆ ಟಿವಿ ಬರುತ್ತಿದ್ದ ಕಾಲದಲ್ಲಿ, ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಒಂದು ಸಂಗತಿ ಗಮನಿಸಿದರು. ಪರದೆಯ ಮೇಲಿನವರನ್ನು ದಿನಾ ನೋಡುವ ಜನ ಅವರನ್ನು ಗೆಳೆಯರ ಹಾಗೆ ಬಲ್ಲೆವು ಅಂದುಕೊಳ್ಳುತ್ತಾರೆ. ಆ ಕಡೆಯವರಿಗೆ ಇವರ ಗುರುತೇ ಇಲ್ಲ. ಇಂಥ ಒಂದು ಬದಿಯ ನಂಟನ್ನು ಹಗುರ ಮಾಡಿ ಮಾತಾಡುವುದು ನನಗೆ ಇಷ್ಟವಿಲ್ಲ. ತಂಗಿಯ ಮಗಳು ಹಾಸ್ಟೆಲಿಗೆ ಹೋದ ಮೊದಲ ತಿಂಗಳು ರಾತ್ರಿ ಲೋಪೆಜ್ ಹಾಡುಗಳನ್ನೇ ಕೇಳಿ ಮಲಗುತ್ತಿದ್ದಳು. ಅವಳ ಪಾಲಿಗೆ ಆ ಸಿನಿಮಾ, ತುಂಬ ದಿನದ ಮೇಲೆ ಗೆಳತಿಯಿಂದ ಬಂದ ಪತ್ರ.

ಪ್ರಿನ್ಸ್‌ಟನ್ನಿನ ಯಾರಾ ಯೆಶುರುನ್, ಊರಿ ಹ್ಯಾಸನ್ ಮತ್ತಿತರರು 2017ರಲ್ಲಿ ಪ್ರಕಟಿಸಿದ ಕೆಲಸ ನನಗೆ ಇವೆಲ್ಲಕ್ಕಿಂತ ಹಿಡಿಸಿತು. ಹೆಂಡತಿ ಕಾಣುತ್ತಿಲ್ಲವೆಂದು ಒಬ್ಬ ಗೆಳೆಯನಿಗೆ ಫೋನ್ ಮಾಡುವ ಕಥೆಯನ್ನು ಎರಡು ಗುಂಪುಗಳಿಗೆ ಕೇಳಿಸಿದರು. ಹೆಂಡತಿ ಮೋಸ ಮಾಡುತ್ತಿದ್ದಾಳೆ ಎಂದು ಒಂದು ಗುಂಪಿಗೆ ಮೊದಲೇ ಹೇಳಿದ್ದರು. ಅವಳದ್ದೇನೂ ತಪ್ಪಿಲ್ಲ, ಗಂಡನದ್ದೇ ಅನುಮಾನದ ಬುದ್ಧಿ ಎಂದು ಇನ್ನೊಂದಕ್ಕೆ. ಆಮೇಲೆ ಕೇಳಿಸಿದ ಕಥೆಯಲ್ಲಿ ಒಂದಕ್ಷರ ಬದಲಿಲ್ಲ. ಅದನ್ನು ಕೇಳುವಾಗ ಒಂದೇ ಗುಂಪಿನವರ ಮಿದುಳುಗಳು ಒಟ್ಟೊಟ್ಟಿಗೆ ನಡೆದವು, ಎರಡು ಗುಂಪುಗಳು ಬೇರೆ ಬೇರೆ ದಾರಿ ಹಿಡಿದವು. ಯಾರು ಯಾವ ಕಥೆ ನಂಬಿದ್ದಾರೆ ಅಂತ ಮಿದುಳಿನ ಚಟುವಟಿಕೆ ನೋಡಿಯೇ ಹೇಳಬಹುದಿತ್ತು.

ನಾವು ಆ ಸಿನಿಮಾ ನೋಡಿದ ವರ್ಷವೇ, 2024ರ ಆಗಸ್ಟಿನಲ್ಲಿ, ಲೋಪೆಜ್ ವಿಚ್ಛೇದನಕ್ಕೆ ಅರ್ಜಿ ಹಾಕಿದರು. ಮರುದಿನ ಸಂಜೆ ಮಂಗಳೂರಿನಿಂದ ಫೋನ್ ಬಂತು. ಹೊರಗೆ ಮಳೆ ಹೊಯ್ಯುತ್ತಿತ್ತು, ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಆ ಸಿನಿಮಾದಲ್ಲಿ ಟಿವಿ ವಾರ್ತೆ ಓದುವವನ ಪಾತ್ರ ಒಂದುಂಟು. ದಪ್ಪ ಬಣ್ಣ ಬಳಿದು, ಗುರುತು ಸಿಗದ ಹಾಗೆ ಅದರಲ್ಲಿ ಕೂತವರು ಅಫ್ಲೆಕ್. ಫೆಬ್ರವರಿಯಲ್ಲಿ ಅದನ್ನು ಕಂಡುಹಿಡಿದು ಹುಡುಗಿ ಚಪ್ಪಾಳೆ ತಟ್ಟಿದ್ದಳು.

"ದೊಡ್ಡಮ್ಮ, ಮತ್ತೆ ಹಾಕಿ ನೋಡಿದೆ. ಅವನು ಬಂದಲ್ಲಿ ನಿಲ್ಲಿಸಿಬಿಟ್ಟೆ. ನೋಡ್ಲಿಕ್ಕೆ ಆಗ್ಲಿಲ್ಲ."

ಅಮ್ಮ ಪಕ್ಕದಲ್ಲೇ ಇದ್ದರು. ಏನಾಯಿತು ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯೋ ಪಾಪ. ರಜೆಯಲ್ಲಿ ಬಂದಾಗ ನನಗೂ ಒಮ್ಮೆ ಹಾಕ್ಲಿಕ್ಕೆ ಹೇಳು," ಅಂದರು.