ಪದ ಪರಿಚಯ: ಬೀದಿ ಮಕ್ಕಳು

‘ನಮ್ಮ ಬೀದಿ ಮಕ್ಕಳೆಲ್ಲ ಸೇರಿ ಗಣೇಶನನ್ನು ಕೂರಿಸಿದ್ದಾರೆ’ ಅಂದರೆ ಹೆಮ್ಮೆಯ ಮಾತು. ಅದೇ ಎರಡು ಪದ ಸುದ್ದಿಯಲ್ಲಿ ಬಂದರೆ ಅರ್ಥವೇ ಬೇರೆ. ಅಲ್ಲಿರುವುದು ‘ಬೀದಿಗೆ ಬಿದ್ದ’, ‘ಬೀದಿಪಾಲಾದ’ ಎನ್ನುವಾಗಿನ ಬೀದಿ. ಮಗುವಿನ ಕಥೆ ಕೇಳುವ ಮೊದಲೇ ಪದ ತೀರ್ಪು ಕೊಟ್ಟುಬಿಡುತ್ತದೆ. ಕೆನ್ಯಾದಲ್ಲಿ ಇಂಥ ಮಕ್ಕಳಿಗೆ ‘ಚೊಕೊರಾ’ ಎನ್ನುತ್ತಾರೆ. ಕಸ ಕೆದಕುವವರು ಎಂದರ್ಥ. 1980ರಲ್ಲಿ ಬೆಂಗಳೂರಿನಲ್ಲಿ ಇಂಥ ಮಕ್ಕಳಿಗಾಗಿ ಕೆಲಸ ಶುರುಮಾಡಿದ ಬಾಸ್ಕೋ ಸಂಸ್ಥೆ ಮಾತ್ರ ತನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ‘ಬೆಂಗಳೂರು ಓಣಿಯವರ ಸೇವಾ ಕೂಟ’ ಎಂದು ಬಿಡಿಸಿಕೊಂಡಿತು. ಓಣಿಯವರು ಎಂಬ ಮಾತಿನಲ್ಲಿ ನೆರೆಹೊರೆಯ ಸಲುಗೆ ಇದೆ.

ಒಂದೇ ಪದದಡಿ ಮೂರು ಬಗೆಯ ಮಕ್ಕಳಿದ್ದಾರೆ. ಕೆ.ಆರ್. ಮಾರುಕಟ್ಟೆಯಲ್ಲಿ ಹಗಲೆಲ್ಲ ದುಡಿದು ರಾತ್ರಿ ಮನೆಗೆ ಮರಳುವವರು ಒಂದು ಬಗೆ. ಮನೆ ಬಿಟ್ಟು ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಒಬ್ಬಂಟಿಯಾಗಿ ಇಳಿದು ಅಲ್ಲೇ ಮಲಗುವವರು ಇನ್ನೊಂದು. ಯುನಿಸೆಫ್ 1980ರ ದಶಕದಲ್ಲಿ ಮುಖ್ಯವಾಗಿ ಹೇಳಿದ್ದು ಈ ಎರಡನ್ನೇ. ಮೂರನೆಯವರು ಅಪ್ಪ ಅಮ್ಮನ ಜೊತೆಗೇ ಮೇಲ್ಸೇತುವೆ ಕೆಳಗೆ ಬದುಕುತ್ತ, ಸಿಗ್ನಲ್‌ನಲ್ಲಿ ಬಲೂನು, ಪೆನ್ನು ಮಾರುವವರು.

ಆದರೆ ಮಗು ಒಂದೇ ಗುಂಪಿನಲ್ಲಿ ನಿಲ್ಲುವುದಿಲ್ಲ. ಮನೆಯಲ್ಲಿ ಹೊಡೆತ ಹೆಚ್ಚಾದ ವಾರ ಮಾರುಕಟ್ಟೆಯ ಹುಡುಗ ಅಲ್ಲೇ ಮಲಗುತ್ತಾನೆ. ಆಮೇಲೆ ಮತ್ತೆ ಮನೆಗೆ ಹೋಗುತ್ತಾನೆ. ಅದಕ್ಕೇ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2017ರ ತನ್ನ 21ನೇ ಸಾಮಾನ್ಯ ವ್ಯಾಖ್ಯಾನದಲ್ಲಿ (ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸಮಿತಿ ಕೊಡುವ ವಿವರಣೆ) ‘ಬೀದಿ ಪರಿಸ್ಥಿತಿಯಲ್ಲಿರುವ ಮಕ್ಕಳು’ ಎಂಬ ಮಾತನ್ನು ಬಳಸಿತು. ಉದ್ದವಾಯಿತು ನಿಜ, ಆದರೂ ಇದೇ ಸರಿಯಾದ ಮಾತು. ಪರಿಸ್ಥಿತಿ ಬದಲಾಗಬಲ್ಲದು. ಮಕ್ಕಳನ್ನು ಒಟ್ಟಾಗಿ ಹಿಡಿದು ಸಾಗಿಸುವ ಕಾರ್ಯಾಚರಣೆಗಳನ್ನೂ ಆ ವ್ಯಾಖ್ಯಾನ ಒಪ್ಪುವುದಿಲ್ಲ. ಹೆಸರು ಅಂಟಿಸಿದರೆ ಏನಾದೀತು ಎನ್ನುವುದಕ್ಕೆ ಬ್ರೆಜಿಲ್ ಸಾಕ್ಷಿ: 1993ರ ಜುಲೈ 23ರಂದು ರಿಯೊ ನಗರದ ಕ್ಯಾಂಡೆಲೇರಿಯಾ ಚರ್ಚ್ ಬಳಿ ಮಲಗಿದ್ದ ಬೀದಿ ಮಕ್ಕಳು, ಯುವಕರ ಮೇಲೆ ಗುಂಡು ಹಾರಿಸಿ ಎಂಟು ಜನರನ್ನು ಕೊಂದರು. ಶಿಕ್ಷೆಯಾದವರಲ್ಲಿ ಪೊಲೀಸರೂ ಇದ್ದರು.

ನಮ್ಮ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಬದುಕುವ ಅಥವಾ ಭಿಕ್ಷೆ ಬೇಡುವ, 18 ತುಂಬದ ಮಗು ‘ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗು’, ಅಪರಾಧಿಯಲ್ಲ. ರಕ್ಷಿಸಿದ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮನೆ, ಊರು, ಬಿಟ್ಟು ಬಂದ ಕಾರಣ, ಇವೆಲ್ಲವನ್ನೂ ಒಳಗೊಂಡ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಸಮಿತಿ ಅಂತಿಮ ಆದೇಶ ಕೊಡಲು ನಾಲ್ಕು ತಿಂಗಳ ಗಡುವಿದೆ.

ಕೆಲಸ ಕೆಡುವುದು ಈ ತನಿಖೆಯಲ್ಲಿ ಅವಸರ ಮಾಡಿದಾಗ. ಓಡಿಬಂದ ಹುಡುಗನನ್ನು ವಿಳಾಸ ಸಿಕ್ಕಿತೆಂದು ಕೂಡಲೇ ಊರಿಗೆ ಕಳಿಸಿದರೆ, ಓಡಿಸಿದ ಕಾರಣ ಅಲ್ಲೇ ಕಾದಿರುತ್ತದೆ. ಅವನು ಮತ್ತೆ ರೈಲು ಹತ್ತುತ್ತಾನೆ, ಈ ಸಲ ಹೆಸರು, ಊರು ಎರಡನ್ನೂ ಸುಳ್ಳು ಹೇಳುತ್ತಾನೆ. ಪಂಕ್ಚರ್ ಸೊಲ್ಯೂಷನ್ ಮೂಸುವ ಚಟ ಹತ್ತಿದ್ದರಂತೂ ಮೊದಲು ಚಿಕಿತ್ಸೆ ಬೇಕು. ಅದರ ಆವಿ ಹಸಿವನ್ನೂ ಚಳಿಯನ್ನೂ ಮರೆಸುತ್ತದೆ; ಬರೀ ಬುದ್ಧಿಮಾತಿಗೆ ಚಟ ಬಿಡುವುದಿಲ್ಲ. ಮೇಲ್ಸೇತುವೆಯ ಮಗುವಿನ ವಿಷಯದಲ್ಲಿ ತಪ್ಪು ತಿರುಗುಮುರುಗಾಗುತ್ತದೆ: ತಾಯಿ ನೀರಿಗೆ ಹೋದಾಗ ಮಗುವನ್ನು ಬಾಲಮಂದಿರಕ್ಕೆ ಸೇರಿಸಿದರೆ, ಇದ್ದ ಒಂದು ಆಸರೆಯೂ ಕೈತಪ್ಪುತ್ತದೆ. ಅಲ್ಲಿ ಬೇಕಾದದ್ದು ಕುಟುಂಬಕ್ಕೆ ಸೂರು, ಪಡಿತರ, ಮಗುವಿಗೆ ಹತ್ತಿರದ ಶಾಲೆ. ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆಗಳು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ತಡೆಯುತ್ತದೆ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕೆನ್ನುತ್ತದೆ. ವರ್ಷದ ನಡುವೆ ಅಪ್ಪ ಅಮ್ಮ ಬೇರೆ ಕಟ್ಟಡದ ಕೆಲಸಕ್ಕೆ ಹೊರಟರೆ ಕಲಿಕೆ ತುಂಡಾಗುತ್ತದೆ. ಹೊಸ ಜಾಗದ ಶಾಲೆಗೆ ಯಾರಾದರೂ ಮುಂಚೆಯೇ ಹೇಳಿಟ್ಟರೆ ಮಾತ್ರ ಅದು ಮುಂದುವರಿಯುತ್ತದೆ.

ಒಂಟಿ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ‘ಮೆಜೆಸ್ಟಿಕ್ ಹತ್ತಿರ’ ಎಂದರೆ ಹುಡುಕುವವರಿಗೆ ಏನೂ ತಿಳಿಯದು. ಪ್ಲಾಟ್‌ಫಾರ್ಮ್ ಸಂಖ್ಯೆ, ಎದುರಿನ ಅಂಗಡಿ, ಮಗುವಿನ ಅಂದಾಜು ವಯಸ್ಸು, ಬಟ್ಟೆಯ ಬಣ್ಣ, ಗಾಯವಿದ್ದರೆ ಅದನ್ನೂ ಹೇಳಿ. ಮಗುವಿನ ಮಟ್ಟಕ್ಕೆ ಕೂತು ಮಾತಾಡಿ, ‘ಪೊಲೀಸಿಗೆ ಹಿಡಿದುಕೊಡ್ತೀನಿ’ ಎಂದು ಹೆದರಿಸಬೇಡಿ, ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಮಗು ಹೊಡೆತ ತಪ್ಪಿಸಿಕೊಂಡು ಬಂದಿದ್ದರೆ, ಹೊಡೆದವರಿಗೆ ಅದು ಎಲ್ಲಿದೆ ಎಂದು ಆ ಚಿತ್ರವೇ ತಿಳಿಸಿಬಿಡುತ್ತದೆ. ಸಹಾಯವಾಣಿಯವರು ಬರುವವರೆಗೆ ಅಲ್ಲೇ ಇರಿ.