ಪಿಇ ಕಡಿಮೆ ಅಂದ ಮಾತ್ರಕ್ಕೆ ಷೇರು ಅಗ್ಗವಾ?

ಮೈಸೂರಿನ ಹೆಬ್ಬಾಳದಲ್ಲಿ ಕ್ಯಾಂಪಸ್ ಇರುವುದಕ್ಕೋ ಏನೋ, ಇಲ್ಲಿ ಷೇರಿನ ಮಾತು ಎತ್ತಿದರೆ ಇನ್ಫೋಸಿಸ್ ಹೆಸರು ಬಂದೇ ಬರುತ್ತದೆ. 1993ರಲ್ಲಿ 95 ರೂಪಾಯಿಗೆ ಷೇರು ಕೊಡುತ್ತೇವೆ ಅಂದಾಗ ಸಾಕಷ್ಟು ಜನ ಮುಂದೆ ಬಂದಿರಲಿಲ್ಲ. ಆಗ ತಗೊಂಡಿದ್ದರೆ ಅನ್ನುವ ಕೊರಗು ಎಲ್ಲರದ್ದೂ. ನನಗೆ ಅದಕ್ಕಿಂತ 2000ದಿಂದ 2003ರವರೆಗಿನ ಕಥೆಯೇ ಮುಖ್ಯ ಅನ್ನಿಸುತ್ತದೆ.

ಷೇರಿನ ಬೆಲೆಯನ್ನು ಒಂದು ಷೇರಿನ ಪಾಲಿಗೆ ಬರುವ ವರ್ಷದ ಲಾಭದಿಂದ ಭಾಗಿಸಿದರೆ ಸಿಗುವುದು ಪಿಇ. ಬೆಲೆ 400, ಲಾಭ 20 ಇದ್ದರೆ ಪಿಇ 20. ಲೆಕ್ಕ ಇಷ್ಟೇ. ಆದರೆ ಬೆಲೆಯೂ ನಿಲ್ಲುವುದಿಲ್ಲ, ಲಾಭವೂ ನಿಲ್ಲುವುದಿಲ್ಲ. ನಾವು ಮಾತ್ರ ಇವತ್ತಿನ ಉತ್ತರ ನೋಡಿ ಅಗ್ಗ, ದುಬಾರಿ ಅಂದುಬಿಡುತ್ತೇವೆ.

2000ದ ಮಾರ್ಚ್‌ನಲ್ಲಿ ಐಟಿ ಷೇರುಗಳ ಹುಚ್ಚು ತಾರಕಕ್ಕೇರಿತ್ತು. ಇನ್ಫೋಸಿಸ್ ಪಿಇ 200 ದಾಟಿತ್ತು. ಆ ವರ್ಷದ ಲಾಭ ಸುಮಾರು 290 ಕೋಟಿ. ಮೂರೇ ವರ್ಷಕ್ಕೆ ಅದು 950 ಕೋಟಿ ದಾಟಿತು, ಅಂದರೆ ಮೂರು ಪಟ್ಟಿಗಿಂತ ಜಾಸ್ತಿ. ಆದರೂ ಮುಂದಿನ ವರ್ಷದ ಅಂದಾಜು ಸಪ್ಪೆಯಾಗಿದೆ ಅಂತ 2003ರ ಏಪ್ರಿಲ್ 10ರಂದು ಷೇರು ಒಂದೇ ದಿನ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು, ಪಿಇ 20ರ ಆಸುಪಾಸಿಗೆ ಇಳಿಯಿತು. ಕಂಪನಿ ಕೆಟ್ಟಿರಲಿಲ್ಲ. ಮುಂದೆ ಎಷ್ಟೋ ವರ್ಷ ಬರಬೇಕಿದ್ದ ಲಾಭಕ್ಕೆ ಜನ 2000ದಲ್ಲೇ ದುಡ್ಡು ಕೊಟ್ಟು ಕೂತಿದ್ದರು, ಅಷ್ಟೇ.

ಸಕ್ಕರೆ ಕಂಪನಿಗಳದ್ದು ಉಲ್ಟಾ ಕಥೆ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಂದು ವರ್ಷ ಸಕ್ಕರೆಗೆ ಒಳ್ಳೆ ರೇಟು, ಎಲ್ಲರೂ ಕಬ್ಬು ಹಾಕುತ್ತಾರೆ, ಆಮೇಲೆ ಸಕ್ಕರೆ ಜಾಸ್ತಿಯಾಗಿ ರೇಟು ಬಿದ್ದು ಕಾರ್ಖಾನೆ ಬಾಕಿ ಉಳಿಸಿಕೊಳ್ಳುತ್ತದೆ. ಲಾಭ ಉಕ್ಕಿದ ವರ್ಷ ಪಿಇ 5, 6ಕ್ಕೆ ಇಳಿದು ಷೇರು ಬಿಟ್ಟಿ ಸಿಕ್ಕಂತೆ ಕಾಣುತ್ತದೆ. ಕೈ ಸುಡುವುದು ಆಗಲೇ. ಲಾಭ ನೆಲಕಚ್ಚಿದಾಗ ಪಿಇ ಆಕಾಶಕ್ಕೇರುತ್ತದೆ, ಬಲ್ಲವರು ಆಗ ಕೊಳ್ಳಲು ನೋಡುತ್ತಾರೆ. ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಷೇರು ಬೆಲೆ ಅಳೆಯುವ ಎಸ್ ಅಂಡ್ ಪಿ 500 ಸೂಚ್ಯಂಕಕ್ಕೂ ಹೀಗೇ ಆಯಿತು. 2009ರಲ್ಲಿ ಅದರ ಪಿಇ 100 ದಾಟಿದ್ದು ಷೇರು ಏರಿದ್ದಕ್ಕಲ್ಲ, ಕಂಪನಿಗಳ ಲಾಭವೇ ಕರಗಿದ್ದಕ್ಕೆ.

ಅದಕ್ಕೇ ಅರ್ಥಶಾಸ್ತ್ರಜ್ಞ ರಾಬರ್ಟ್ ಶಿಲ್ಲರ್ ಒಂದು ವರ್ಷದ ಲಾಭ ಬಿಟ್ಟು, ಹಣದುಬ್ಬರ ಸರಿಹೊಂದಿಸಿದ ಹತ್ತು ವರ್ಷದ ಸರಾಸರಿ ಹಿಡಿದರು. ಇಡೀ ಮಾರುಕಟ್ಟೆಗೆ ಅದು ಸರಿ. ಒಂದೇ ಕಂಪನಿಯಾದರೆ ಅದರ ಹತ್ತು ವರ್ಷದ ಲಾಭ, ಬೆಲೆ ಎರಡನ್ನೂ ಅಕ್ಕಪಕ್ಕ ಬರೆದುಕೊಂಡು ಪಿಇ ಬದಲಾದ ವರ್ಷ ಯಾವುದು ಕದಲಿತು ಅಂತ ನೋಡುವುದು ವಾಸಿ.

ಲೆಕ್ಕ ಹಾಕುವ ರೀತಿಯೂ ಬದಲಾಗಿರಬಹುದು, ಹುಷಾರು. 2021ರ ಮಾರ್ಚ್ ಕೊನೆಗೆ ಎನ್‌ಎಸ್‌ಇ (ರಾಷ್ಟ್ರೀಯ ಷೇರುಪೇಟೆ), ತನ್ನ ನಿಫ್ಟಿ ಸೂಚ್ಯಂಕದಲ್ಲಿರುವ 50 ದೊಡ್ಡ ಕಂಪನಿಗಳ ಅಂಗಸಂಸ್ಥೆಗಳ ಲಾಭವನ್ನೂ ಸೇರಿಸಿ ಲೆಕ್ಕ ಶುರುಮಾಡಿತು. ಸುಮಾರು 40 ಇದ್ದ ನಿಫ್ಟಿಯ ಪಿಇ ರಾತ್ರೋರಾತ್ರಿ 33ರ ಹತ್ತಿರ ಬಂತು. ಷೇರು ಅಗ್ಗವಾಯಿತು ಅಂತ ಖುಷಿಪಟ್ಟವರೂ ಇದ್ದಿರಬೇಕು! ಇನ್ನು ಕಂಪನಿ ಜಾಗ ಮಾರಿ ಬಂದ ದುಡ್ಡು ಲಾಭದಲ್ಲಿ ಸೇರಿದ್ದರೆ, ಪಿಇ ಹಾಕುವ ಮೊದಲು ಅದನ್ನು ಕಳೆದುಬಿಡಿ. ಆ ಜಾಗವನ್ನು ಮುಂದಿನ ವರ್ಷ ಮತ್ತೆ ಮಾರಲಾಗುವುದಿಲ್ಲ ಅಲ್ವಾ?